ತಡವಾಗಿ ಬಂದ ‘ಸರಿ ಇಲ್ಲ’

ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಒಮ್ಮೆ ಬಡಿದರೆ ಅದು ಉತ್ತರ ಕೊಡುತ್ತದೆ. ಗಟ್ಟಿ ಕಲ್ಲಿನ ದನಿ ಒಂದಿಷ್ಟು ಹೊತ್ತು ಉಳಿದು ಆಮೇಲೆ ಹೋಗುತ್ತದೆ. ಒಳಗೆ ಸೀಳಿದ್ದರೆ ಹುಟ್ಟಿದ ಜಾಗದಲ್ಲೇ ಸಾಯುತ್ತದೆ. ಕಣ್ಣಿಗೆ ಎರಡು ಕಲ್ಲೂ ಒಂದೇ ಥರ ಕಾಣುತ್ತವೆ. ಶಹಾಬಾದಿನ ಒಂದು ಯಾರ್ಡಿನಲ್ಲಿ ಲಾರಿಗೆ ಹೋಗುವ ಕಲ್ಲುಗಳನ್ನು ಹೀಗೆ ಬಡಿದು, ಒಳ್ಳೆಯವನ್ನು ಒಂದು ಕಡೆ, ಸೀಳಿದವನ್ನು ಇನ್ನೊಂದು ಕಡೆ ನಿಲ್ಲಿಸುವುದು ನನ್ನ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಜನ ‘ನಿನಗ ಕಿವಿ ಅದ’ ಅಂದರೆ ಹೆಮ್ಮೆಯಾಗುತ್ತದೆ. ಆ ಹೆಮ್ಮೆ ಏನು ಮಾಡಿಸುತ್ತದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರ್ಡಿನಲ್ಲಿ ನನಗೆ ಇನ್ನೊಂದು ಕೆಲಸವೂ ಇತ್ತು. ದಿನಾ ಮುಂಜಾನೆ ಆ ದಿನ ಬೇಕಾದ ಆಳುಗಳಿಗೆ ಫೋನ್ ಮಾಡಿ ಕರೆಯುವುದು. ನಂಬರುಗಳೆಲ್ಲ ಯಾರ್ಡಿನ ಲೆಕ್ಕ ಬರೆಯುವ ಕಾರಕೂನನ ವಹಿಯಲ್ಲಿ ಇರುತ್ತಿದ್ದವು. ಅವು ಹೆಸರಿನ ಪ್ರಕಾರ ಇರಲಿಲ್ಲ, ಯಂತ್ರದ ಪ್ರಕಾರ ಇದ್ದವು: ಮೊದಲು ಒಂದನೇ ಕಟಿಂಗ್ ಯಂತ್ರದವರು, ಆಮೇಲೆ ಎರಡನೆಯದರವರು, ಆಮೇಲೆ ಪಾಲಿಶ್‌ನವರು, ಕಡೆಗೆ ಲಾರಿ ತುಂಬುವವರು. ವರ್ಷಗಟ್ಟಲೆ ಅದೇ ಸಾಲಿನಲ್ಲಿ ಕರೆದು ಕರೆದು ವಹಿ ನೋಡದೆಯೇ ಎಲ್ಲ ನಂಬರ್ ಹೇಳುವಷ್ಟು ಬಾಯಿಗೆ ಬಂದಿದ್ದವು.

ನನ್ನ ತಂಗಿ ಸೇಡಂನಲ್ಲಿ ಒಂದು ಸಣ್ಣ ಸಂಘದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಶಹಾಬಾದಿನಿಂದ ರೈಲಿನಲ್ಲಿ ಹೋಗಿ, ವಾಡಿಯಲ್ಲಿ ಇಳಿದು ಗಾಡಿ ಬದಲಿಸಿ, ದಿನಾ ಹೋಗಿಬರುತ್ತಾಳೆ. ಆ ಸಂಘ ಕಲ್ಲಿನ ಧೂಳಿನಿಂದ ಎದೆ ಕೆಟ್ಟವರ ಕೆಲಸ ಮಾಡುತ್ತದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಕೆಲಸಗಾರರು ಫೋನಿನಲ್ಲಿ ಹೆಸರು ಹಚ್ಚಿದರೆ, ಅಂದರೆ ನೋಂದಾಯಿಸಿದರೆ, ಎದೆ ಪರೀಕ್ಷೆ ಮಾಡಿಸಿ, ಕಾಗದಪತ್ರ ಮಾಡಿಕೊಡುತ್ತಾರೆ. ಹೆಸರು ಹಚ್ಚಿದ್ದು ಯಾರಿಗೂ ಗೊತ್ತಾಗಬಾರದು, ಅದೇ ಮುಖ್ಯ. ಯಾಕಂದರೆ ಕೆಮ್ಮಿನ ಕಾಗದ ಹುಟ್ಟಿದರೆ ತಪಾಸಣೆಯವರು ಬರುತ್ತಾರೆ ಅಂತ ಯಾರ್ಡಿನ ಮಾಲಕರಿಗೆ ಅಂಜಿಕೆ. ಹೆಸರು ಹಚ್ಚಿದವನು ಅಂತ ಗೊತ್ತಾದರೆ ಮರುದಿನ ಅವನಿಗೆ ಕೆಲಸ ಇರುವುದಿಲ್ಲ.

ಹೆಸರು ಹಚ್ಚುವ ಇಂಟರ್‌ನೆಟ್ ಪುಟವನ್ನು ಮಾಡಿದವಳು ನನ್ನ ತಂಗಿ. ಮೊಬೈಲ್ ನಂಬರ್ ಹಾಕಬೇಕು, ಆರು ಅಂಕಿಯ ಗುಪ್ತ ಸಂಖ್ಯೆ ಹಾಕಬೇಕು, ಒಳಗೆ ಹೋಗಬೇಕು. ಪುಟ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ದಿನ ಮನೆಗೆ ಬಂದು ಫೋನ್ ನನ್ನ ಕೈಗೆ ಕೊಟ್ಟಳು.

“ಅಣ್ಣಾ, ನೀ ಕಳ್ಳ ಅಂತ ತಿಳ್ಕೊ. ಬ್ಯಾರೆಯವರ ನಂಬರ್ ಹಾಕು, ಗುಪ್ತ ಸಂಖ್ಯೆ ಮನಸಿಗಿ ಬಂದದ್ದು ಹಾಕು. ಏನ್ ಹೇಳ್ತದ ನೋಡು.”

ಹಾಕಿದೆ. ‘ನಂಬರ್ ಅಥವಾ ಗುಪ್ತ ಸಂಖ್ಯೆ ಸರಿ ಇಲ್ಲ’ ಅಂತ ಬಂತು.

“ನಂಬರ್ ತಪ್ಪಾತೋ ಸಂಖ್ಯೆ ತಪ್ಪಾತೋ ಅಂತ ಅದು ಹೇಳೂದೇ ಇಲ್ಲ,” ಅಂದಳು. “ಎರಡಕ್ಕೂ ಅದೇ ಮಾತು. ಹಂಗಾಗಿ ಈ ನಂಬರ್ ನಮ್ಮ ಪಟ್ಟಿನ್ಯಾಗ ಅದನೋ ಇಲ್ಲೋ ಯಾರಿಗೂ ತಿಳಿಯಂಗಿಲ್ಲ.”

ನಾನು ಪಟ್ಟಿಯಲ್ಲಿಲ್ಲದ ನನ್ನ ನಂಬರ್ ಹಾಕಿದೆ, ಪರೀಕ್ಷೆಗೆಂದು ಅವಳು ಪಟ್ಟಿಗೆ ಸೇರಿಸಿದ್ದ ಅವಳ ನಂಬರ್ ಹಾಕಿದೆ, ಒಂದು ಸುಳ್ಳು ನಂಬರ್ ಹಾಕಿದೆ. ಆಮೇಲೆ ಚಾಚಾನ ನಂಬರ್ ಹಾಕಿದೆ. ಚಾಚಾ ಅಂದರೆ ನಮ್ಮ ಯಾರ್ಡಿನ ಪಾಲಿಶ್ ಯಂತ್ರದ ಹಿರಿಯ ಕೆಲಸಗಾರ. ಕಲ್ಲು ಬಡಿದು ಕೇಳುವುದನ್ನು ನನಗೆ ಕಲಿಸಿದವನು ಅವನೇ. ಅವನ ಎದೆ ಮೂರು ವರ್ಷದಿಂದ ಕೆಟ್ಟಿತ್ತು. ಹಿಂದಿನ ವಾರವಷ್ಟೇ ನಾನೇ ಅವನ ಹೆಸರು ಹಚ್ಚಿಸಿದ್ದೆ.

ಎಲ್ಲದಕ್ಕೂ ಅದೇ ಮಾತು ಬಂತು. ಆದರೆ ಚಾಚಾನ ನಂಬರಿಗೆ, ತಂಗಿಯ ನಂಬರಿಗೆ ಬಂದ ಮಾತು ಸ್ವಲ್ಪ ತಡವಾಗಿ ಬಂತು. ಇನ್ನೊಮ್ಮೆ ಹಾಕಿದೆ, ಮತ್ತೂ ಹಾಗೇ ಆಯಿತು.

“ಇವಕ್ಕ ತಡ ಆಗ್ಲಕತ್ತದ,” ಅಂದೆ.

“ನೆಟ್‌ವರ್ಕ್ ಅಣ್ಣಾ.”

“ನೆಟ್‌ವರ್ಕ್ ಆದ್ರ ಎಲ್ಲಕ್ಕೂ ಆಗಬೇಕಲ್ಲ? ಚಾಚಾನ ನಂಬರಿಗಿ ಮಾತ್ರ ಯಾಕ?”

ಅವಳು ನಕ್ಕಳು. ಕೆಟ್ಟ ನಗೆಯಲ್ಲ, ದಣಿದವರ ನಗೆ. “ಇದು ಕಲ್ಲಲ್ಲೋ ಅಣ್ಣಾ, ಬಡಿದು ಕೇಳ್ಲಿಕ್ಕ. ಉಣ್ಣಾಕ ಏಳು.”

ಅಷ್ಟೇ ಆದದ್ದು. ಆ ನಗೆ ನನಗೆ ಎಲ್ಲಿ ಚುಚ್ಚಿತೋ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಅವಳ ಫೀಸಿಗೆ ದುಡಿದವನು ನಾನು ಅಂತ ಮನಸ್ಸಿಗೆ ಬಂತೇನೋ. ಬಂದಿದ್ದರೆ ಅದು ನನ್ನ ಸಣ್ಣತನ.

ಎರಡು ದಿನ ಬಿಟ್ಟು ಮಧ್ಯಾಹ್ನ ಯಾರ್ಡಿನ ಎದುರಿನ ಚಹಾದ ಅಂಗಡಿಯಲ್ಲಿ ಕಾರಕೂನ ಸಿಕ್ಕ. ಅವನು ನನಗೆ ಇಟ್ಟ ಹೆಸರು ಕಿವಿಯಪ್ಪ.

“ಏನ್ ಕಿವಿಯಪ್ಪಾ, ತಂಗಿ ಇಂಜಿನಿಯರ್ ಆದಳು, ನೀ ಇನ್ನಾ ಕಲ್ಲೇ ಬಡಿಲಕತ್ತಿ ಅಲ್ಲ?”

“ಬಡಿಯೂದೂ ಒಂದು ವಿದ್ಯಾನೇ ಅದರಿ ಸಾಹೇಬ್ರ.”

“ವಿದ್ಯಾ ಅಂತ ವಿದ್ಯಾ! ಆಕಿ ಪುಟದಾಗ ಯಾರ್ ಅದಾರಂತ ಆ ದೇವರಿಗೂ ತಿಳಿಯಂಗಿಲ್ಲ ಅಂತಾರ ಮಂದಿ. ನಿನ್ನ ಕಿವಿಗಿ ಏನ್ ತಿಳೀತದ?”

ಅವನು ಬೇಕೆಂದೇ ಎಳೆದನೋ, ಸುಮ್ಮನೆ ಚೇಷ್ಟೆ ಮಾಡಿದನೋ, ಗೊತ್ತಿಲ್ಲ. ನಾನು ಫೋನ್ ತೆಗೆದೆ. “ನೋಡ್ರಿ,” ಅಂದೆ. ಒಂದು ಸುಳ್ಳು ನಂಬರ್ ಹಾಕಿ ಒತ್ತಿದೆ. ಉತ್ತರ ಥಟ್ಟನೆ ಬಂತು. ಆಮೇಲೆ ಚಾಚಾನ ನಂಬರ್ ಹಾಕಿ ಒತ್ತಿದೆ. ಚಹಾದ ಒಂದು ಗುಟುಕಿನಷ್ಟು ತಡೆದು ಬಂತು.

“ಇದು ಅದ, ಅದು ಇಲ್ಲ,” ಅಂದೆ. “ನನ್ನ ತಂಗಿಗಿ ಹೇಳಿದೆ, ಆಕಿಗಿ ಕೇಳ್ಸಲಿಲ್ಲ. ನನಗ ಕೇಳ್ಸತದ.”

ಕಾರಕೂನ ಗ್ಲಾಸು ಕೆಳಗಿಟ್ಟ. “ಅರೆ ವಾ,” ಅಂದ. “ಇನ್ನೊಮ್ಮೆ ಮಾಡು.”

ಇನ್ನೊಮ್ಮೆ ಮಾಡಿದೆ.

ಚಾಚಾನ ನಂಬರನ್ನೇ ಯಾಕೆ ಹಾಕಿದೆ? ದಿನಾ ಒತ್ತುವ ನಂಬರ್, ಬೆರಳಿಗೆ ಅದೇ ಬಂತು ಅಂತ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಹೆಸರು ಹೇಳಲಿಲ್ಲವಲ್ಲ ಅಂತಲೂ ಹೇಳಿಕೊಂಡಿದ್ದೇನೆ. ಆದರೆ ಆ ನಂಬರ್ ಕಾರಕೂನನ ವಹಿಯಲ್ಲಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತು ಅನ್ನುವುದೇ ನನಗೆ ತಿಳಿಯದ ಮಾತು.

ಮೂರನೇ ದಿನ ಮುಂಜಾನೆ ಕಾರಕೂನ ಕೊಟ್ಟ ವಹಿಯಲ್ಲಿ ನಾಲ್ಕು ನಂಬರುಗಳ ಮೇಲೆ ಗೆರೆ ಎಳೆದಿತ್ತು. ಒಂದನೇ ಕಟಿಂಗ್ ಯಂತ್ರದವರು ಇಬ್ಬರು, ಲಾರಿ ತುಂಬುವವನು ಒಬ್ಬ, ಮತ್ತು ಚಾಚಾ.

“ಇವರ್ನ ಕರೀಬ್ಯಾಡ,” ಅಂದ. “ಕೆಲಸ ಕಮ್ಮಿ ಅದ. ಬೇಕಾದಾಗ ಹೇಳ್ತೀನಿ.”

ಯಾರ್ಡಿನಲ್ಲಿ ಕೆಲಸ ಕಡಿಮೆ ಇರಲಿಲ್ಲ, ಮೂರು ಲಾರಿ ನಿಂತಿದ್ದವು. ಆ ನಾಲ್ವರನ್ನು ಬಿಟ್ಟು ಉಳಿದವರನ್ನು ಕರೆದೆ. ನಾಲ್ವರಲ್ಲಿ ಚಾಚಾ ಹೆಸರು ಹಚ್ಚಿದ್ದು ನನಗೆ ಗೊತ್ತಿತ್ತು, ಉಳಿದ ಮೂವರದು ಗೊತ್ತಿರಲಿಲ್ಲ. ಹಾಗಾಗಿ ಇದು ಬೇರೆ ಏನೋ ಇರಬಹುದು ಅಂತ ಅಂದುಕೊಂಡೆ. ಚಾಚಾ ತಾನೇ ಫೋನ್ ಮಾಡಿ ಕೇಳಿದ: “ಯಾಕೋ ಬೇಟಾ, ನನ್ನ ಕರೀಲಿಲ್ಲಲ್ಲ?” ಕೆಲಸ ಕಡಿಮೆ ಅದ ಅಂದೆ. ಹಿಂದಿನಿಂದ ಮೂರು ಲಾರಿಗಳ ಸದ್ದು ಅವನಿಗೆ ಕೇಳಿಸಿರಬೇಕು.

ಸುದ್ದಿ ಸೇಡಂಗೆ ಹೋಯಿತು. ನಾಲ್ವರೂ ಸಂಘದ ಪಟ್ಟಿಯಲ್ಲಿದ್ದವರೇ. ಪಟ್ಟಿ ಎಲ್ಲಿಂದಲೋ ಸೋರಿದೆ ಅಂತಾಯಿತು. ಒಂದು ವಾರ ನನ್ನ ತಂಗಿ ಊಟ ಬಿಟ್ಟು ಹುಡುಕಿದಳು. ಪಟ್ಟಿ ಇದ್ದ ಕಂಪ್ಯೂಟರಿಗೆ ಯಾರು ಯಾವಾಗ ಹೊಕ್ಕರು ಅಂತ ಸಾಲು ಸಾಲು ನೋಡಿದಳು. ಅವಳನ್ನು ಬಿಟ್ಟರೆ ಯಾರೂ ಹೊಕ್ಕಿರಲಿಲ್ಲ. ಪಟ್ಟಿಯ ನಕಲು ಎಲ್ಲೂ ಹೋಗಿರಲಿಲ್ಲ. ಅವಳು ಎಲ್ಲ ಬೀಗಗಳನ್ನೂ ನೋಡಿದಳು, ಎಲ್ಲ ಭದ್ರವಾಗಿದ್ದವು. ಭದ್ರವಿದ್ದಷ್ಟೂ ಅವಳಿಗೆ ದಿಕ್ಕು ತಪ್ಪಿತು.

ಒಂದು ದಿನ ಯಾರ್ಡಿಗೆ ರಜೆ ಇತ್ತು. ಅವಳ ಜೊತೆ ನಾನೂ ರೈಲು ಹತ್ತಿದೆ. ವಾಡಿಯಲ್ಲಿ ಸೇಡಂ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಅವಳು ಒಂದು ಹಾಳೆ ತೆಗೆದಳು.

“ಒಳಗ ಹೋಗ್ಲಿಕ್ಕ ನೋಡಿ ಆಗದೇ ಹೋದವರ ಲೆಕ್ಕ ಇದು. ಒಂದೇ ಮಧ್ಯಾಹ್ನ ಇಷ್ಟು ನಂಬರ್ ತಪ್ಪಾಗ್ಯಾವ. ಮಂದಿ ಗುಪ್ತ ಸಂಖ್ಯೆ ಮರೀತಾರ, ಹಂಗ ಇರಬೇಕಂತ ಬಿಟ್ಟಿದ್ದೆ. ಆದ್ರ ಇದರಾಗ ಭಾಳಷ್ಟು ನಂಬರ್ ನಮ್ಮ ಪಟ್ಟಿನ್ಯಾಗ ಇಲ್ಲೇ ಇಲ್ಲ. ಇವು ಯಾರವು ನಿನಗೇನರೆ ಗೊತ್ತದ ಏನಣ್ಣ?”

ಹಾಳೆ ನೋಡಿದೆ. ಆ ಮಧ್ಯಾಹ್ನದ ಸಾಲುಗಳ ಗುರುತು ಕೂಡಲೇ ಹತ್ತಿತು. ಒಂದನೇ ಕಟಿಂಗ್ ಯಂತ್ರದವರು. ಆಮೇಲೆ ಎರಡನೆಯದರವರು. ಆಮೇಲೆ ಪಾಲಿಶ್. ಕಡೆಗೆ ಲಾರಿ. ನಾನು ದಿನಾ ಮುಂಜಾನೆ ಕರೆಯುವ ಸಾಲು, ಒಂದೂ ಆಚೆಈಚೆ ಇಲ್ಲ. ಕಾರಕೂನ ವಹಿ ಮುಂದಿಟ್ಟುಕೊಂಡು ಒಂದೊಂದೇ ನಂಬರ್ ಹಾಕಿ, ಯಾವುದು ತಡ, ಯಾವುದು ಬೇಗ ಅಂತ ನೋಡಿದ್ದ. ಹಾಳೆಯ ಎಲ್ಲಕ್ಕಿಂತ ಮೇಲೆ, ಹಿಂದಿನ ದಿನದ ತಾರೀಖಿನಲ್ಲಿ ನಾಲ್ಕು ಸಾಲು ಬೇರೆ ಇದ್ದವು: ಸುಳ್ಳು ನಂಬರ್, ಚಾಚಾನ ನಂಬರ್, ಮತ್ತೆ ಸುಳ್ಳು ನಂಬರ್, ಮತ್ತೆ ಚಾಚಾನ ನಂಬರ್.

“ಗೊತ್ತಿಲ್ಲ,” ಅಂದೆ.

ಅವಳು ಹಾಳೆ ಮಡಿಚಿದಳು. “ಯಾರೇ ಆಗಿರಲಿ, ಅವರಿಗಿ ಏನೂ ಸಿಕ್ಕಿಲ್ಲ. ಎಲ್ಲಕ್ಕೂ ಒಂದೇ ಮಾತು ಹೋಗ್ಯದ. ಒಂದೇ ಮಾತಿನಿಂದ ಏನ್ ತಿಳೀತದ?” ಇದನ್ನು ನನಗಿಂತ ಹೆಚ್ಚು ತನಗೇ ಹೇಳಿಕೊಂಡಳು.

ಆ ಬೆಂಚಿನ ಮೇಲೆ ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತು. ಚಹಾದ ಅಂಗಡಿಯಲ್ಲಿ ಮಾಡಿದ್ದು ತಿಳಿಯದೆ ಮಾಡಿದ್ದು ಅಂತ ವಾದಿಸಬಹುದು. ಬೆಂಚಿನ ಮೇಲಿನ ‘ಗೊತ್ತಿಲ್ಲ’ಕ್ಕೆ ಯಾವ ವಾದವೂ ಇಲ್ಲ.

ಕಂಪ್ಯೂಟರಿನಲ್ಲಿ ಏನೂ ಸಿಗದಿದ್ದಾಗ ಸಂಘದವರು ಮನುಷ್ಯರ ಕಡೆ ತಿರುಗಿದರು. ಊರೂರು ತಿರುಗಿ ಹೆಸರು ಹಚ್ಚಿಸುವ ಒಬ್ಬ ಅಕ್ಕ ಇದ್ದಳು, ಚಿಂಚೋಳಿ ಕಡೆಯವಳು. ಫೋನ್ ಬಾರದವರ ವಿವರ ಆಕೆ ಕಾಗದದಲ್ಲಿ ಬರೆದುಕೊಂಡು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದು ಸಲ ಚಿಂಚೋಳಿ ಬಸ್ ನಿಲ್ದಾಣದಲ್ಲಿ ಚೀಲ ಬೆಂಚಿನ ಮೇಲೆ ಬಿಟ್ಟು ನೀರು ಕುಡಿಯಲು ಹೋಗಿದ್ದಳಂತೆ. ಅದನ್ನು ಆಕೆಯೇ ಹೇಳಿದ್ದಳು. ಹೇಳಿದ್ದೇ ತಪ್ಪಾಯಿತು. ಸೋಮವಾರ ಸಭೆ ಮಾಡಿ ಆಕೆಯನ್ನು ಕೆಲಸದಿಂದ ಬಿಡಿಸುವುದು, ಪುಟವನ್ನು ಮುಚ್ಚುವುದು ಅಂತ ಮಾತಾಯಿತು.

ಶನಿವಾರ ತಂಗಿಗೆ ಬುತ್ತಿ ಕೊಡುವ ನೆವದಿಂದ ನಾನು ಸೇಡಂಗೆ ಹೋದೆ. ಮೊದಲ ಮಹಡಿಯ ಆ ಒಂದೇ ಕೋಣೆಯಲ್ಲಿ ಅಕ್ಕ ಕೂತಿದ್ದಳು, ಚೀಲ ತೊಡೆಯ ಮೇಲೆ. ತಂಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು.

“ಬರ್ರಿ ಅಣ್ಣಾರ, ಕುಂದ್ರಿ,” ಅಂದಳು ಅಕ್ಕ. ಆಮೇಲೆ ಯಾರೂ ಕೇಳದೆಯೇ ಮಾತು ಶುರು ಮಾಡಿದಳು. “ಎಷ್ಟು ನೆನಸಿಕೊಂಡ್ರೂ ಚೀಲ ತೆರೆದಿತ್ತೋ ಮುಚ್ಚಿತ್ತೋ ನೆನಪಾಗವಲ್ದು. ಮೊದಲಿಗಿ ಮುಚ್ಚಿತ್ತು ಅಂತಿದ್ದೆ. ಈಗ ಅನಿಸ್ಲಕತ್ತದ, ತೆರೆದೇ ಇತ್ತೇನೋ. ಯಾರೋ ನೋಡಿರಬೇಕು. ನನ್ನಿಂದಲೇ ಆಗಿರಬೇಕರಿ ಅಣ್ಣಾರ. ನಾಕು ಮನಿ ಒಲಿ ನಾನೇ ಆರಿಸಿದೆ.”

ಆಕೆ ಅಳಲಿಲ್ಲ. ಚೀಲದ ಬಾಯಿಯ ಗುಂಡಿಯನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು, ಆ ದಿನ ಅದು ಹೇಗಿತ್ತು ಅಂತ ಬೆರಳಿಗೆ ನೆನಪಾದೀತೇನೋ ಅನ್ನುವ ಹಾಗೆ.

ನಾನು ಮಾಡಿದ್ದನ್ನು ಆಕೆ ತಾನು ಮಾಡಿದೆ ಅಂತ ನಂಬತೊಡಗಿದ್ದಳು. ಅದನ್ನು ನೋಡುತ್ತ ಕೂಡುವುದು ನನ್ನಿಂದ ಆಗಲಿಲ್ಲ. ಆದರೆ ಹೇಳುವುದು ಹೇಗೆ ಅಂತಲೂ ಗೊತ್ತಾಗಲಿಲ್ಲ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

“ಏನಾತೋ ಅಣ್ಣಾ?” ಅಂದಳು ತಂಗಿ.

“ಅಕ್ಕಾರ, ನಿಮ್ಮ ಫೋನ್ ತಗೋರಿ. ಪುಟ ತೆಗೀರಿ. ನಿಮಗ ಬೇಕಾದ ನಂಬರ್ ಹಾಕ್ರಿ, ಪಟ್ಟಿನ್ಯಾಗ ಇದ್ದದ್ದೂ ಹಾಕ್ರಿ, ಇಲ್ಲದ್ದೂ ಹಾಕ್ರಿ. ಗುಪ್ತ ಸಂಖ್ಯೆ ತಪ್ಪೇ ಹಾಕ್ರಿ. ನನಗ ಏನೂ ಹೇಳಬ್ಯಾಡ್ರಿ. ಒತ್ತಿದಾಗ ‘ಒತ್ತಿದೆ’ ಅನ್ರಿ. ಮಾತು ಬಂದಾಗ ‘ಬಂತು’ ಅನ್ರಿ. ಅಷ್ಟೇ.”

“ಇದೇನ್ ಆಟರಿ?”

“ಅನ್ರಿ ಅಕ್ಕಾರ.”

“ಒತ್ತಿದೆ… ಬಂತು.”

“ಪಟ್ಟಿನ್ಯಾಗ ಇಲ್ಲ,” ಅಂದೆ.

“ಒತ್ತಿದೆ…… ಬಂತು.”

“ಅದ.”

“ಒತ್ತಿದೆ…… ಬಂತು.”

“ಅದ.”

ಹತ್ತು ಸಲ ಮಾಡಿದಳು. ಹತ್ತಕ್ಕೆ ಹತ್ತೂ ಸರಿ ಬಂದವು. ತಂಗಿಯ ಕುರ್ಚಿ ಸರಿದ ಸದ್ದು ಕೇಳಿಸಿತು. ನಾನು ಗೋಡೆ ಕಡೆಯಿಂದ ತಿರುಗಲಿಲ್ಲ. ತಿರುಗಿದ್ದರೆ ಮುಂದಿನ ಮಾತು ಬಾಯಿಂದ ಬರುತ್ತಿರಲಿಲ್ಲ. ಚಹಾದ ಅಂಗಡಿ, ಕಾರಕೂನ, ಚಾಚಾನ ನಂಬರ್, ವಹಿಯ ಸಾಲು, ವಾಡಿಯ ಬೆಂಚು, ಎಲ್ಲ ಗೋಡೆಗೇ ಹೇಳಿದೆ. ಸುಣ್ಣ ಉದುರಿದ ಆ ಜಾಗ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಕ್ಕ ಚೀಲ ಕೆಳಗಿಟ್ಟಳು. “ಹಂಗಾದ್ರ ನನ್ನ ಚೀಲ ಮುಚ್ಚೇ ಇತ್ತು,” ಅಂದಳು. ಅಷ್ಟೇ ಅಂದಳು.

ತಂಗಿ ಮೊದಲು ಬಯ್ಯಲಿಲ್ಲ. “ನೀ ಮನ್ಯಾಗ ಹೇಳಿದ್ದಿ. ನಾ ನಕ್ಕೆ,” ಅಂದಳು. ಆಮೇಲೆ ದನಿ ಏರಿತು. “ನಾ ನಕ್ಕರ ನನಗ ಹೊಡೀಬೇಕಿತ್ತು! ಆ ಮನಷ್ಯಾನ ಮುಂದ ಹೋಗಿ ತೋರಿಸ್ತೀ? ವಾಡ್ಯಾಗ ಆ ಹಾಳಿ ನಿನ್ನ ಕೈಯಾಗ ಇತ್ತಲ್ಲೋ, ಆಗರೆ ಬಾಯಿ ಬಿಡಬಾರ್ದಿತ್ತಾ?”

ಬುತ್ತಿಯನ್ನು ಅವಳ ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ.

ಸೋಮವಾರದ ಸಭೆಯಲ್ಲಿ ತಂಗಿಯೇ ಎಲ್ಲ ಹೇಳಿದಳು. ನನ್ನ ತಪ್ಪನ್ನೂ ಹೇಳಿದಳು, ತನ್ನದನ್ನೂ ಹೇಳಿದಳು. ಅಕ್ಕ ಉಳಿದಳು. ಪುಟವನ್ನು ಮುಚ್ಚುವ ಮೊದಲು ಸರಿ ಮಾಡಲು ಒಂದು ವಾರ ಕೊಟ್ಟರು. ಆ ವಾರ ಯಾರ್ಡಿನ ಕೆಲಸ ಮುಗಿಸಿ, ಅವಳು ಸೇಡಂನಿಂದ ಬಂದ ಮೇಲೆ, ಇಬ್ಬರೂ ಅಡಿಗೆ ಮನೆಯ ನೆಲದ ಮೇಲೆ ಕೂತು ಅದನ್ನೇ ಮಾಡಿದೆವು.

ಮೊದಲು ನನಗೆ ತಿಳಿಯಬೇಕಿತ್ತು. ಒಂದೇ ಮಾತು ಎರಡು ವೇಳೆಗೆ ಯಾಕೆ ಬರುತ್ತದೆ? ಅವಳು ಹೇಳಿದಳು: ಗುಪ್ತ ಸಂಖ್ಯೆಯನ್ನು ಇದ್ದ ಹಾಗೆ ಇಡುವುದಿಲ್ಲ, ಅರೆದು ಪುಡಿ ಮಾಡಿ ಪುಡಿಯನ್ನಷ್ಟೇ ಇಡುತ್ತಾರೆ. ನಾವು ಸಂಖ್ಯೆ ಹಾಕಿದಾಗ ಅದನ್ನೂ ಅರೆದು, ಎರಡು ಪುಡಿ ಒಂದೇನಾ ಅಂತ ನೋಡುತ್ತಾರೆ. ಆ ಅರೆಯುವುದನ್ನು ಬೇಕಂತಲೇ ನಿಧಾನ ಮಾಡಿರುತ್ತಾರೆ, ಕಳ್ಳ ಲಕ್ಷ ಸಂಖ್ಯೆ ಹಾಕಿ ನೋಡಬಾರದು ಅಂತ. ಸಂಘದ ಅಗ್ಗದ ಕಂಪ್ಯೂಟರಿಗೆ ಅದು ಮುಕ್ಕಾಲು ಸೆಕೆಂಡಿನ ಕೆಲಸ.

“ಪಟ್ಟಿನ್ಯಾಗ ಇಲ್ಲದ ನಂಬರ್ ಬಂದ್ರ?”

“ಅರಿಲಿಕ್ಕ ಏನೂ ಇಲ್ಲಲ್ಲ. ಹಂಗೇ ‘ಸರಿ ಇಲ್ಲ’ ಅಂತ ಕಳಿಸಿಬಿಡ್ತದ.”

ಕಾವಲಿಗೆ ಇಟ್ಟ ನಿಧಾನವೇ ಚಾಡಿ ಹೇಳಿತ್ತು. ಇದು ನನ್ನ ತಲೆಗೆ ಹೋಗಲು ಎರಡು ದಿನ ಹಿಡಿಯಿತು.

ಅವಳು ಮೊದಲು ಮಾಡಿದ್ದು ಎಲ್ಲ ಉತ್ತರಕ್ಕೂ ಮನಬಂದಷ್ಟು ತಡ ಸೇರಿಸಿದ್ದು, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ನಾನು ಕೇಳಿದೆ, ಗೊಂದಲವಾಯಿತು, ಗುರುತು ಹತ್ತಲಿಲ್ಲ. ತಂಗಿ ಖುಷಿಯಾದಳು. ಆದರೆ ಯಾರ್ಡಿನಲ್ಲಿ ಯಂತ್ರ ಓಡುವಾಗ ನಾನು ಕಲ್ಲನ್ನು ಒಮ್ಮೆ ಬಡಿದು ಬಿಡುವುದಿಲ್ಲ, ಹತ್ತು ಸಲ ಬಡಿಯುತ್ತೇನೆ. ಗದ್ದಲ ಪ್ರತಿ ಸಲ ಬೇರೆ ಇರುತ್ತದೆ, ಕಲ್ಲಿನ ದನಿ ಪ್ರತಿ ಸಲ ಅದೇ ಇರುತ್ತದೆ. ಅದನ್ನು ಹೇಳಿದೆ. ಈ ಸಲ ಅವಳು ನಗಲಿಲ್ಲ. ಒಂದು ಸುಳ್ಳು ನಂಬರಿಗೆ ಐವತ್ತು ಸಲ, ಅವಳ ನಂಬರಿಗೆ ಐವತ್ತು ಸಲ ಹಾಕಿ, ಕಂಪ್ಯೂಟರ್ ತೋರಿಸಿದ ವೇಳೆಯನ್ನು ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದೆ. ಕೂಡಿಸಿ ಭಾಗಿಸಿದಳು. ಗದ್ದಲವೆಲ್ಲ ಒಂದಕ್ಕೊಂದು ಹೊಡೆದು ಹೋಗಿ, ಆ ಮುಕ್ಕಾಲು ಸೆಕೆಂಡು ಹಾಗೇ ಕೆಳಗೆ ಉಳಿದಿತ್ತು.

ತಡ ಸೇರಿಸಿದ್ದನ್ನು ತೆಗೆದಳು. ಪಟ್ಟಿಯಲ್ಲಿ ಇಲ್ಲದ ನಂಬರ್ ಬಂದರೂ ಒಂದು ಸುಳ್ಳು ಪುಡಿ ಇಟ್ಟು, ಅದರ ಜೊತೆಗೂ ಅರೆದು ನೋಡುವ ಹಾಗೆ ಮಾಡಿದಳು. ಕೆಲಸ ಎರಡಕ್ಕೂ ಒಂದೇ ಆಗಬೇಕು, ಆಮೇಲೆ ‘ಸರಿ ಇಲ್ಲ’ ಅನ್ನಬೇಕು. ಇದು ಸರಿಯಾಗುತ್ತದೆ ಅಂತ ಇಬ್ಬರಿಗೂ ಅನಿಸಿತು. ಕೇಳಿದರೆ ಇನ್ನೂ ಫರಕಿತ್ತು, ಮೊದಲಿನ ಅರ್ಧದಷ್ಟು.

“ನಿನ್ನ ಕಿವಿಗಿ ಭ್ರಮೆ ಅಂತ ಅನ್ನಬೇಕು ಅನಿಸ್ತದ,” ಅಂದಳು, “ಆದ್ರ ಅನ್ನಂಗಿಲ್ಲ.”

ಒಂದು ಸಂಜೆ ಪೂರಾ ಹುಡುಕಿದಳು. ಆ ಸುಳ್ಳು ಪುಡಿಯನ್ನು ಅವಳು ಕಲಿಯುವಾಗಿನ ಹಳೆಯ ಕೆಲಸದಿಂದ ತೆಗೆದು ಹಾಕಿದ್ದಳು. ಎಷ್ಟು ಅರೆಯಬೇಕು ಅನ್ನುವ ಅಂಕಿ ಅದರೊಳಗೇ ಬರೆದಿರುತ್ತದಂತೆ. ಅದರಲ್ಲಿ ಹನ್ನೊಂದಿತ್ತು, ಈಗಿನದರಲ್ಲಿ ಹನ್ನೆರಡು. ಅಂಕಿ ಒಂದು ಏರಿದರೆ ಕೆಲಸ ಎರಡರಷ್ಟು. ಹೊಸ ಪುಡಿ ಮಾಡಿ ಹಾಕಿದಳು. ಮತ್ತೆ ಐವತ್ತು, ಮತ್ತೆ ಐವತ್ತು, ಆಮೇಲೆ ಇನ್ನೂರು, ಇನ್ನೂರು. ಈ ಸಲ ಎರಡು ಸಾಲಿನ ಅಂಕಿಗಳು ಒಂದರೊಳಗೊಂದು ಕಲೆತು ಹೋದವು.

ಮುಗಿಯಿತು ಅಂತ ಅವಳು ಕಾಲು ಚಾಚಿದಳು. ನಾನು ಸುಮ್ಮನೆ ಪುಟದ ಕೆಳಗಿದ್ದ ‘ಗುಪ್ತ ಸಂಖ್ಯೆ ಮರೆತಿದ್ದೀರಾ’ ಅನ್ನುವುದನ್ನು ಒತ್ತಿದೆ. ಒಂದು ಸುಳ್ಳು ನಂಬರ್ ಹಾಕಿದೆ. ಆಮೇಲೆ ಅವಳ ನಂಬರ್ ಹಾಕಿದೆ. ಎರಡಕ್ಕೂ ‘ನಂಬರ್ ಇದ್ದರೆ ಸಂದೇಶ ಬರುತ್ತದೆ’ ಅಂತಲೇ ಬಂತು. ಆದರೆ ಅವಳ ನಂಬರಿಗೆ ತಡವಾಗಿ ಬಂತು. ಅಲ್ಲಿ ಅದು ನಿಜವಾಗಿ ಸಂದೇಶ ಕಳಿಸಿ, ಕಳಿಸಿ ಮುಗಿದ ಮೇಲೆ ಉತ್ತರ ಕೊಡುತ್ತಿತ್ತು.

ಹೇಳಬೇಕೋ ಬೇಡವೋ ಅಂತ ಒಂದು ಗಳಿಗೆ ಅನಿಸಿತು, ಅಷ್ಟು ದಣಿದಿದ್ದಳು. ಫೋನನ್ನು ಅವಳ ಕಡೆ ಸರಿಸಿದೆ.

“ಇಲ್ಲೂ ಅದ ಯವ್ವಾ.”

ಹಣೆ ಬಡಿದುಕೊಂಡಳು. ಮೊದಲು ಉತ್ತರ ಹೋಗಲಿ, ಸಂದೇಶ ಆಮೇಲೆ ಹಿಂದಿನಿಂದ ಹೋಗಲಿ ಅಂತ ಅದನ್ನೂ ಬದಲಿಸಿದಳು. ಒಂದೇ ಕಡೆಯಿಂದ ಸಾಲಾಗಿ ಹತ್ತಾರು ನಂಬರ್ ಬಡಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುವ ಹಾಗೆಯೂ ಮಾಡಿದಳು. ಪುಟ ಉಳಿಯಿತು.

ಸಂಘದವರು ಬಂದು ಮಾಲಕರ ಜೊತೆ ಮಾತಾಡಿದ ಮೇಲೆ ಕಟಿಂಗ್‌ನ ಇಬ್ಬರು ವಾಪಸು ಬಂದರು. ಲಾರಿಯವನು ಬೇರೆ ಯಾರ್ಡಿಗೆ ಹೋದ. ಕಾರಕೂನ ಒಂದು ದಿನ ನನ್ನನ್ನು ಕರೆದು, “ಲೇ ಕಿವಿಯಪ್ಪಾ, ಆ ಪುಟ ಈಗ ಏನೂ ಹೇಳವಲ್ದಲ್ಲೋ,” ಅಂದ, ಯಾವುದೋ ಯಂತ್ರ ಕೆಟ್ಟ ಹಾಗೆ. “ಹೌದ್ರಿ, ಈಗ ಹೇಳಂಗಿಲ್ಲ,” ಅಂದೆ. ಮುಂಜಾನೆಯ ಕರೆಯುವ ಕೆಲಸ ಬೇಡ ಅಂತ ಬಿಟ್ಟೆ. ಆದರೆ ಯಾರ್ಡನ್ನು ಬಿಡಲಿಲ್ಲ. ಬಿಡುವಷ್ಟು ಧೈರ್ಯ ನನಗಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಚಾಚಾ ವಾಪಸು ಬರಲಿಲ್ಲ. ಚಿತ್ತಾಪುರದಲ್ಲಿ ಮನೆಗಳಿಗೆ ಫರಸಿ ಹಾಸುವ ಕೆಲಸ ಹಿಡಿದಿದ್ದ. ಹೆಸರು ಪಟ್ಟಿಯಲ್ಲಿ ಇರಲೋ, ತೆಗೆಯಲೋ ಅಂತ ಸಂಘದಿಂದ ಎಲ್ಲರನ್ನೂ ಕೇಳಬೇಕಿತ್ತು. ಅವನನ್ನು ಕೇಳುವ ಕೆಲಸ ತಂಗಿ ನನಗೇ ಕೊಟ್ಟಳು. “ನೀನೇ ಹೋಗಬೇಕು,” ಅಂದಳು. ಅದು ಶಿಕ್ಷೆಯೋ ದಯೆಯೋ ನನಗೆ ತಿಳಿಯಲಿಲ್ಲ.

ಅರ್ಧ ಕಟ್ಟಿದ ಮನೆಯ ನಡುಮನೆಯಲ್ಲಿ ಚಾಚಾ ಮಂಡಿ ಊರಿ ಕೂತು ಕಲ್ಲು ಕೂಡಿಸುತ್ತಿದ್ದ. ಮೊದಲಿಗಿಂತ ಸೊರಗಿದ್ದ. ನಾನು ನಿಂತೇ ಎಲ್ಲ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿದ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

“ಅಷ್ಟು ಮಂದಿ ನಂಬರ್ ಬಾಯಾಗ ಇದ್ದವು ನಿನಗ. ನಂದೇ ಯಾಕೋ ಹಾಕಿದಿ?”

“ತಿಳಿವಲ್ದು ಚಾಚಾ. ಖರೇನೇ ತಿಳಿವಲ್ದು.”

ಅವನು ಕೈಯ ಸಿಮೆಂಟು ಒರೆಸಿಕೊಂಡ. “ಫೋನ್ ತೆಗಿ. ಈಗ ಹಾಕು, ನನ್ನೆದುರಿಗಿ. ಒಂದು ಸುಳ್ಳು ನಂಬರ್, ಒಂದು ನಂದು. ಯಾವುದು ಮೊದಲು ಅಂತ ಹೇಳಬ್ಯಾಡ.”

ಕಲ್ಲು ಕೇಳುವಾಗ ಮಾಡುವಂತೆ ಕಣ್ಣು ಮುಚ್ಚಿದ. ನನಗೆ ಕಲಿಸಿದ ಕಿವಿ ಅದು. “ಒತ್ತಿದೆ,” ಅಂದೆ, “ಬಂತು,” ಅಂದೆ. ಮತ್ತೊಮ್ಮೆ ಒತ್ತಿದೆ, ಮತ್ತೊಮ್ಮೆ ಬಂತು. ಐದಾರು ಸಲ ಮಾಡಿಸಿದ. ಪ್ರತಿ ಸಲ ಕುತ್ತಿಗೆ ವಾಲಿಸಿ ಕೇಳಿದ. ಕೆಮ್ಮು ಬಂದು ತಡೆದುಕೊಂಡ. ಕಡೆಗೆ ಕಣ್ಣು ತೆರೆದ.

“ಗೊತ್ತಾಗವಲ್ದು,” ಅಂದ. “ಬೇಷ್ ಮಾಡ್ಯಾಳ ಹುಡುಗಿ. ಇರಲಿ ಬಿಡು ನನ್ನ ಹೆಸರು.”

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಆದರೂ ಹೋಗಲು ಆಗಲಿಲ್ಲ. “ಚಾಚಾ, ನನ್ನ ಮ್ಯಾಲ ಸಿಟ್ಟ್ ಅದ ಏನು?” ಅಂತ ಕೇಳಿದೆ. ಕೇಳಿ, ಅವನ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನನಗೆ ಗೊತ್ತಿಲ್ಲದೆಯೇ ಎಣಿಸತೊಡಗಿದೆ. ಅವನು ನನ್ನ ಮುಖ ನೋಡಿದ. ನಾನು ಎಣಿಸುತ್ತಿದ್ದುದು ಅವನಿಗೆ ಕಂಡಿತು.

“ಅದೂ ನಿನಗ ಗೊತ್ತಾಗಬಾರ್ದು,” ಅಂದ, ಮತ್ತೆ ಕಲ್ಲಿನ ಕಡೆ ಬಗ್ಗಿ. “ಆ ತುದಿ ಹಿಡಿ. ಒಬ್ಬನಿಗಿ ಏಳವಲ್ದು.”

ಹಿಡಿದೆ.